ಸವರನ್ ಕರಗಿಸುವ ಮೊದಲು ಒಮ್ಮೆ ಓದಿ ನೋಡಿ

ಮಂಗಳೂರಿನ ಚಿನ್ನದಂಗಡಿಯಲ್ಲಿ "ನಾಲ್ಕು ಪವನಿನ ಸರ ತೋರಿಸಿ" ಎಂದರೆ ಯಾರೂ ಮರುಪ್ರಶ್ನೆ ಕೇಳುವುದಿಲ್ಲ. ಮೂವತ್ತೆರಡು ಗ್ರಾಂ ಆಸುಪಾಸಿನ ಸರಗಳು ಎದುರಿಗೆ ಬರುತ್ತವೆ. ಘಟ್ಟದ ಮೇಲೆ ಅದೇ ತೂಕಕ್ಕೆ ಸವರನ್ ಎನ್ನುತ್ತಾರೆ. ಅಕ್ಕಿ, ಬೇಳೆ, ಬಟ್ಟೆ, ಭೂಮಿ ಎಲ್ಲದರ ಅಳತೆ ಬದಲಾಗಿ ದಶಕಗಳೇ ಕಳೆದರೂ ಚಿನ್ನದ ಮಾತು ಬಂದಾಗ ನಾವಿನ್ನೂ ಎಂಟರ ಮಗ್ಗಿಯನ್ನು ಬಿಟ್ಟಿಲ್ಲ. ಈ ಎಂಟು ಗ್ರಾಂ ಲೆಕ್ಕ ಬಂದದ್ದು ಲಂಡನ್ನಿನ ಟಂಕಸಾಲೆ 1817ರಲ್ಲಿ ಹೊರತಂದ ಒಂದು ಚಿನ್ನದ ನಾಣ್ಯದಿಂದ. ಆ ನಾಣ್ಯದ ತೂಕ 7.988 ಗ್ರಾಂ. ನಮ್ಮವರು ಅದನ್ನು ಎಂಟಕ್ಕೆ ದುಂಡಗೆ ಮಾಡಿಕೊಂಡರು.

ತೂಕದ ಹೆಸರಾಗಿ ಉಳಿದಿರುವ ಈ ಸವರನ್ ಎಷ್ಟೋ ಮನೆಗಳಲ್ಲಿ ನಾಣ್ಯವಾಗಿಯೂ ಉಳಿದಿದೆ. ಕಾಸಿನ ಸರದಲ್ಲಿ ಪೋಣಿಸಿಕೊಂಡಿರುತ್ತದೆ, ಕೊಂಡಿ ಬೆಸೆದು ಪದಕವಾಗಿರುತ್ತದೆ, ಇಲ್ಲವೇ ಹಳೆಯ ಪೆಟ್ಟಿಗೆಯ ಬಟ್ಟೆಗಂಟಿನಲ್ಲಿ ಮಲಗಿರುತ್ತದೆ. ಮದುವೆಗೋ ಮನೆ ಕಟ್ಟಲಿಕ್ಕೋ ಹಣ ಬೇಕಾದಾಗ ಅದು ನೇರವಾಗಿ ಅಂಗಡಿಗೆ ಹೋಗಿ ಮೂಸೆಗೆ ಬೀಳುತ್ತದೆ. ಅದರ ಮೇಲಿನ ಇಸವಿಯನ್ನು ಓದಿದವರು, ಇಸವಿಯ ಮೇಲಿನ ಪುಟ್ಟ ಅಕ್ಷರವನ್ನು ಗಮನಿಸಿದವರು ತೀರಾ ಕಡಿಮೆ. ಮಾರುವುದು ತಪ್ಪಲ್ಲ. ಏನನ್ನು ಮಾರುತ್ತಿದ್ದೇವೆ ಎಂದು ತಿಳಿಯದೆ ಮಾರುವುದು ನಷ್ಟ. ಆ ನಾಣ್ಯವನ್ನು ಓದುವ ಬಗೆಯನ್ನು ಇಲ್ಲಿ ವಿವರಿಸಿದ್ದೇನೆ.

ಸಿಂಹಾಸನದಿಂದ ಬಂದ ಹೆಸರು

ಸವರನ್ ಎಂಬ ಹೆಸರು 1817ಕ್ಕಿಂತ ಬಹಳ ಹಳೆಯದು. ಇಂಗ್ಲೆಂಡಿನ ದೊರೆ ಏಳನೇ ಹೆನ್ರಿ 1489ರಲ್ಲಿ ಇಪ್ಪತ್ತು ಶಿಲ್ಲಿಂಗ್ ಬೆಲೆಯ ದೊಡ್ಡ ಚಿನ್ನದ ನಾಣ್ಯವೊಂದನ್ನು ಹೊರಡಿಸಿದ. ತೂಕ ಹದಿನೈದೂವರೆ ಗ್ರಾಂ, ಹೆಚ್ಚುಕಡಿಮೆ ಅಪರಂಜಿ ಚಿನ್ನ. ಒಂದು ಬದಿಯಲ್ಲಿ ಸಿಂಹಾಸನದ ಮೇಲೆ ಕೂತ ರಾಜ, ಇನ್ನೊಂದು ಬದಿಯಲ್ಲಿ ಟ್ಯೂಡರ್ ವಂಶದ ಗುಲಾಬಿಯ ನಡುವೆ ರಾಜಲಾಂಛನ. ಸಾರ್ವಭೌಮನ ಚಿತ್ರವಿದ್ದ ನಾಣ್ಯಕ್ಕೆ ಸಾರ್ವಭೌಮ ಎಂದೇ ಹೆಸರಾಯಿತು. ಅಂತರ್ಯುದ್ಧದಲ್ಲಿ ಗೆದ್ದು ಪಟ್ಟಕ್ಕೆ ಬಂದಿದ್ದ ಹೆನ್ರಿಗೆ ತನ್ನ ವಂಶದ ಹಕ್ಕನ್ನು ಜಗತ್ತಿಗೆ ತೋರಿಸಬೇಕಿತ್ತು. ಸಂತೆಯಲ್ಲಿ ಕೊಳ್ಳುವ ಮಾರುವ ಕೆಲಸಕ್ಕಿಂತ ಆಸ್ಥಾನದ ಗತ್ತಿಗೇ ಆ ನಾಣ್ಯ ಹೆಚ್ಚು ಒದಗಿತು. 1604ರ ಹೊತ್ತಿಗೆ ಅದು ನಿಂತಿತು.

1663ರಿಂದ ಗಿನಿ ನಾಣ್ಯದ ಕಾಲ. ಆಫ್ರಿಕದ ಗಿನಿ ಕರಾವಳಿಯಿಂದ ಬರುತ್ತಿದ್ದ ಚಿನ್ನ ಅದಕ್ಕೆ ಹೆಸರು ಕೊಟ್ಟಿತು. ಟಂಕಸಾಲೆಯ ಮುಖ್ಯಸ್ಥನಾಗಿದ್ದ ಐಸಾಕ್ ನ್ಯೂಟನ್ನನ ಸಲಹೆಯ ಬೆನ್ನಿಗೆ 1717ರಲ್ಲಿ ಗಿನಿಯ ಬೆಲೆ ಇಪ್ಪತ್ತೊಂದು ಶಿಲ್ಲಿಂಗಿಗೆ ನಿಂತಿತು. ಉತ್ತರ ಭಾರತದ ಸರಾಫರು ಸವರನ್ನನ್ನು ಇವತ್ತಿಗೂ ಗಿನ್ನಿ ಎಂದು ಕರೆಯುವುದು ಈ ಹಳೆಯ ಬಳಕೆಯ ಉಳಿಕೆ. ಆದ್ದರಿಂದ ಯಾರಾದರೂ ಗಿನ್ನಿ ಎಂದು ಕೊಟ್ಟದ್ದು ಬಹುತೇಕ ಸವರನ್ನೇ ಆಗಿರುತ್ತದೆ. ನಿಜವಾದ ಗಿನಿಯ ತೂಕ 8.35 ಗ್ರಾಂ ಹತ್ತಿರ, ಇಸವಿ ತೀರ ಕೊನೆಯದೆಂದರೂ 1813.

ನೆಪೋಲಿಯನ್ನನ ಜೊತೆಗಿನ ಯುದ್ಧಗಳು ಬ್ರಿಟನ್ನಿನ ಖಜಾನೆಯನ್ನು ಬರಿದು ಮಾಡಿದ್ದವು. ನೋಟು ಕೊಟ್ಟವರಿಗೆ ಚಿನ್ನ ಕೊಡುವುದನ್ನು ಬ್ಯಾಂಕ್ ಆಫ್ ಇಂಗ್ಲೆಂಡ್ 1797ರಲ್ಲೇ ನಿಲ್ಲಿಸಿತ್ತು. ಯುದ್ಧ ಮುಗಿದ ಮೇಲೆ 1816ರಲ್ಲಿ ಹೊಸ ನಾಣ್ಯ ಕಾಯಿದೆ ಬಂತು. ಚಿನ್ನವೇ ಅಳತೆ, ಬೆಳ್ಳಿ ಬರೀ ಚಿಲ್ಲರೆ ಎಂದಾಯಿತು. ಇಪ್ಪತ್ತೊಂದರ ಗೊಂದಲ ಬಿಟ್ಟು ಸರಿಯಾಗಿ ಇಪ್ಪತ್ತು ಶಿಲ್ಲಿಂಗಿಗೆ, ಅಂದರೆ ಒಂದು ಪೌಂಡಿಗೆ, ಹೊಸ ನಾಣ್ಯ ಮಾಡಿ ಅದಕ್ಕೆ ಮುನ್ನೂರು ವರ್ಷ ಹಳೆಯ ಹೆಸರನ್ನೇ ಇಟ್ಟರು. ನಲವತ್ತು ಟ್ರಾಯ್ ಪೌಂಡ್ ತೂಕದ 22 ಕ್ಯಾರಟ್ ಚಿನ್ನದಲ್ಲಿ 1869 ನಾಣ್ಯ ಎಂಬುದು ಅದರ ಲೆಕ್ಕ. 7.988 ಎಂಬ ಅಂಕಿ ಬಂದದ್ದು ಆ ಭಾಗಾಕಾರದಿಂದ. ಹನ್ನೊಂದು ಪಾಲು ಚಿನ್ನ, ಒಂದು ಪಾಲು ಬಹುತೇಕ ತಾಮ್ರ. ಈಗ ನಮ್ಮ ಆಭರಣಗಳ ಮೇಲೆ ಕಾಣುವ 916 ಎಂಬ ಮುದ್ರೆಯ ಅರ್ಥವೂ ಇದೇ ಹನ್ನೆರಡರಲ್ಲಿ ಹನ್ನೊಂದು. ಒಂದು ಸವರನ್‌ನಲ್ಲಿ ಶುದ್ಧ ಚಿನ್ನ 7.322 ಗ್ರಾಂ. ಈ ಸಂಖ್ಯೆಯನ್ನು ಬರೆದಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತದೆ.

ಕುದುರೆ ಸವಾರನನ್ನು ಕೆತ್ತಿದ ಇಟಲಿಯವನು

ಸವರನ್ ಎಂದೊಡನೆ ಕಣ್ಣಮುಂದೆ ಬರುವ ಚಿತ್ರ ಕುದುರೆಯ ಮೇಲೆ ಕೂತು ಘಟಸರ್ಪದಂಥ ಪ್ರಾಣಿಯನ್ನು ಕೊಲ್ಲುತ್ತಿರುವ ವೀರನದು. ಅವನು ಸಂತ ಜಾರ್ಜ್, ಇಂಗ್ಲೆಂಡಿನ ರಕ್ಷಕ ಸಂತ. ಆದರೆ ಕೆತ್ತಿದ ಕೈ ಇಂಗ್ಲೆಂಡಿನದಲ್ಲ. ಬೆನೆಡೆಟ್ಟೊ ಪಿಸ್ಟ್ರುಚಿ 1783ರಲ್ಲಿ ರೋಮಿನಲ್ಲಿ ಹುಟ್ಟಿದವನು. ಕಲ್ಲು ಮತ್ತು ಚಿಪ್ಪಿನಲ್ಲಿ ಉಬ್ಬುಚಿತ್ರ ಬಿಡಿಸುವುದು ಅವನ ಕಸುಬು. 1815ರಲ್ಲಿ ಲಂಡನ್ನಿಗೆ ಬಂದ. ಟಂಕಸಾಲೆಯ ಮುಖ್ಯಸ್ಥ ವಿಲಿಯಂ ವೆಲ್ಲೆಸ್ಲಿ ಪೋಲ್ ಅವನ ಕೈಚಳಕ ಕಂಡು ಹೊಸ ನಾಣ್ಯದ ಕೆಲಸ ಕೊಟ್ಟ. ಈ ಪೋಲ್ ನಮಗೆ ಪೂರ್ತಿ ಅಪರಿಚಿತನಲ್ಲ. ಶ್ರೀರಂಗಪಟ್ಟಣದ ಮೇಲಿನ 1799ರ ಯುದ್ಧದಲ್ಲಿದ್ದ ಆರ್ಥರ್ ವೆಲ್ಲೆಸ್ಲಿಗೂ ಆಗ ಗವರ್ನರ್ ಜನರಲ್ ಆಗಿದ್ದ ರಿಚರ್ಡ್ ವೆಲ್ಲೆಸ್ಲಿಗೂ ಇವನು ಒಡಹುಟ್ಟಿದವನು.

ಪಿಸ್ಟ್ರುಚಿಯ ಜಾರ್ಜ್ ಚರ್ಚಿನ ಗೋಡೆಯ ಮೇಲಿನ ಕವಚಧಾರಿ ಸಂತನಂತಿಲ್ಲ. ತಲೆಗೆ ಶಿರಸ್ತ್ರಾಣ, ಬೆನ್ನಿಗೆ ಹಾರುವ ಮೇಲುವಸ್ತ್ರ ಬಿಟ್ಟರೆ ಮೈ ಬಹುತೇಕ ಬೆತ್ತಲೆ. ಗ್ರೀಕ್ ಶಿಲ್ಪದ ಯೋಧ ಅವನು. ಎರಡು ಸೆಂಟಿಮೀಟರ್ ಅಗಲದ ಬಿಲ್ಲೆಯಲ್ಲಿ ಕುದುರೆಯ ಹಿಂಗಾಲಿನ ಸ್ನಾಯು, ಬಾಲದ ಕೂದಲು, ಕೆಳಗೆ ನರಳುವ ಪ್ರಾಣಿಯ ರೆಕ್ಕೆ ಎಲ್ಲವೂ ಬಿಡಿಬಿಡಿಯಾಗಿ ಕಾಣುತ್ತವೆ. ಸಣ್ಣದರಲ್ಲಿ ಇಷ್ಟು ಚಲನೆಯನ್ನು ತುಂಬಿದ ಇನ್ನೊಂದು ನಾಣ್ಯ ಆಧುನಿಕ ಕಾಲದಲ್ಲಿ ಬಂದಿಲ್ಲ ಎಂಬುದು ನನ್ನ ನಂಬಿಕೆ. ಸಾಧ್ಯವಾದರೆ ಹತ್ತು ಪಟ್ಟು ದೊಡ್ಡದು ಮಾಡಿ ತೋರಿಸುವ ಮಸೂರ ತಂದು ನೋಡಿ. ಚೆನ್ನಾಗಿ ಉಳಿದ ನಾಣ್ಯದಲ್ಲಿ ಇಸವಿಯ ಬಲಗಡೆ ಬಿ.ಪಿ. ಎಂಬ ಅತಿ ಪುಟ್ಟ ಇಂಗ್ಲಿಷ್ ಅಕ್ಷರಗಳು ಸಿಗುತ್ತವೆ. ಅದು ಅವನ ಸಹಿ.

ಅವನ ಬದುಕು ಮಾತ್ರ ಲಂಡನ್ನಿನಲ್ಲಿ ಸುಸೂತ್ರವಾಗಿ ಸಾಗಲಿಲ್ಲ. ಪರದೇಶಿ ಎಂಬ ಕಾರಣಕ್ಕೆ ಟಂಕಸಾಲೆಯ ಮುಖ್ಯ ಕೆತ್ತನೆಗಾರನ ಹುದ್ದೆ ಅವನಿಗೆ ಕೊನೆಗೂ ದಕ್ಕಲಿಲ್ಲ. ಆ ಹುದ್ದೆಗೆ ವಿಲಿಯಂ ವಯನ್ ಬಂದ, ಇಬ್ಬರ ನಡುವಿನ ಪೈಪೋಟಿ ವರ್ಷಗಟ್ಟಲೆ ನಡೆಯಿತು. ವಾಟರ್ಲೂ ವಿಜಯದ ಪದಕವನ್ನು ಮಾಡಿಕೊಡಲು ಒಪ್ಪಿದ ಪಿಸ್ಟ್ರುಚಿ ಅದನ್ನು ಒಪ್ಪಿಸಿದ್ದು ಸುಮಾರು ಮೂವತ್ತು ವರ್ಷಗಳ ನಂತರ, 1849ರಲ್ಲಿ. 1825ರಲ್ಲಿ ಅವನ ಜಾರ್ಜನನ್ನೂ ಸವರನ್ನಿನಿಂದ ತೆಗೆದು ರಾಜಲಾಂಛನದ ಗುರಾಣಿ ಹಾಕಿದರು. 1871ರಲ್ಲಿ ಆ ಚಿತ್ರ ಮರಳಿ ಬರುವ ಹೊತ್ತಿಗೆ ಅವನು ತೀರಿಕೊಂಡು ಹದಿನಾರು ವರ್ಷವಾಗಿತ್ತು. ಇಂದಿನ ಹೊಸ ಸವರನ್‌ಗಳ ಮೇಲೂ ಅದೇ ಚಿತ್ರವಿದೆ.

ತಲೆ ನೋಡಿ ಕಾಲ ಹೇಳುವುದು

ನಮ್ಮ ಕಡೆ ಸಿಗುವ ಸವರನ್‌ಗಳಲ್ಲಿ ಹೆಚ್ಚಿನವು ವಿಕ್ಟೋರಿಯಾ ರಾಣಿ, ಏಳನೇ ಎಡ್ವರ್ಡ್, ಐದನೇ ಜಾರ್ಜ್ ಈ ಮೂವರ ಕಾಲದವು. ವಿಕ್ಟೋರಿಯಾ ನಾಣ್ಯ ಸಿಕ್ಕರೆ ಮೂರು ಮುಖಗಳಲ್ಲಿ ಯಾವುದು ಎಂದು ನೋಡಬೇಕು. ಕೂದಲಿಗೆ ಪಟ್ಟಿ ಕಟ್ಟಿ ಹಿಂದಕ್ಕೆ ಗಂಟು ಹಾಕಿದ ತರುಣಿಯ ಮುಖ 1838ರಿಂದ 1887ರವರೆಗಿನದು. ವಯನ್ ಕೆತ್ತಿದ್ದು. ತಲೆಯ ಮೇಲೆ ಪುಟ್ಟ ಕಿರೀಟ ಕೂತಿರುವ ನಡುವಯಸ್ಸಿನ ಮುಖ 1887ರಿಂದ 1893ರದ್ದು, ಆಳ್ವಿಕೆಯ ಸುವರ್ಣ ಮಹೋತ್ಸವಕ್ಕೆಂದು ಜೋಸೆಫ್ ಎಡ್ಗರ್ ಬೋಹಮ್ ಮಾಡಿದ್ದು. ಮುಸುಕು ಹೊದ್ದ ವೃದ್ಧೆಯ ಮುಖ 1893ರಿಂದ 1901ರವರೆಗೆ, ಥಾಮಸ್ ಬ್ರಾಕ್ ಕೆಲಸ. ಮೂರರಲ್ಲೂ ರಾಣಿ ಎಡಕ್ಕೆ ನೋಡುತ್ತಾಳೆ. 1902ರಿಂದ 1910ರವರೆಗಿನ ಗಡ್ಡದ ಎಡ್ವರ್ಡ್ ಬಲಕ್ಕೆ ನೋಡುತ್ತಾನೆ. ಅವನ ಮಗ ಜಾರ್ಜ್, ಅವನಿಗೂ ಗಡ್ಡವಿದೆ, ಮತ್ತೆ ಎಡಕ್ಕೆ ತಿರುಗುತ್ತಾನೆ. ದಕ್ಷಿಣದಲ್ಲಿ ಅತಿ ಹೆಚ್ಚು ಕೈ ಬದಲಾಯಿಸಿದ್ದು ಈ ಜಾರ್ಜ್ ಕಾಸು.

ಮುಸುಕಿನ ರಾಣಿಯ ನಾಣ್ಯದಿಂದ ಮುಂದಕ್ಕೆ ತಲೆಯ ಸುತ್ತಲಿನ ಲ್ಯಾಟಿನ್ ಬರಹದ ಕೊನೆಗೆ ಬೆರಳಿಟ್ಟು ನೋಡಿ. ಇಂಡ್ ಇಂಪ್ ಎಂಬ ಎರಡು ತುಂಡು ಪದಗಳಿವೆ. ಭಾರತದ ಚಕ್ರವರ್ತಿ ಅಥವಾ ಚಕ್ರವರ್ತಿನಿ ಎಂದು ಅರ್ಥ. ವಿಕ್ಟೋರಿಯಾಗೆ ಆ ಬಿರುದನ್ನು ಬ್ರಿಟಿಷ್ ಸಂಸತ್ತು ಕೊಟ್ಟದ್ದು 1876ರಲ್ಲಿ. ಲಂಡನ್ನಿನ ನಾಣ್ಯಕ್ಕೆ ಅದು ಏರಿದ್ದು 1893ರಲ್ಲಿ. ನಮ್ಮ ದೇಶದ ಹೆಸರು ಅವರ ರಾಜನ ತಲೆಯ ಸುತ್ತ ಬಿರುದಾಗಿ ತಿರುಗಿದ ಅರ್ಧ ಶತಮಾನದ ದಾಖಲೆ ಅದು. ಸ್ವಾತಂತ್ರ್ಯ ಬಂದ ಮೇಲೆ ಬ್ರಿಟನ್ನಿನ ನಾಣ್ಯಗಳಿಂದ ಆ ಪದಗಳನ್ನು ತೆಗೆದರು.

ಒಂದು ಅಕ್ಷರದ ಊರು

ಸವರನ್ ಓದುವುದರಲ್ಲಿ ನಿಜವಾದ ಖುಷಿ ಇರುವುದು ಟಂಕಸಾಲೆಯ ಗುರುತಿನಲ್ಲಿ. ಆಸ್ಟ್ರೇಲಿಯದಲ್ಲಿ ಚಿನ್ನ ಸಿಕ್ಕಿತು. ಅದನ್ನು ಹಡಗಿನಲ್ಲಿ ಲಂಡನ್ನಿಗೆ ಒಯ್ದು, ನಾಣ್ಯ ಮಾಡಿ, ಮತ್ತೆ ತರುವ ಬದಲು ಅಲ್ಲೇ ಟಂಕಿಸುವುದು ಲೇಸೆಂದು ಸಿಡ್ನಿಯಲ್ಲಿ 1855ರಲ್ಲಿ ಶಾಖೆ ತೆರೆದರು. ಮೆಲ್ಬರ್ನ್ 1872ರಲ್ಲಿ, ಪರ್ತ್ 1899ರಲ್ಲಿ, ಕೆನಡಾದ ಒಟ್ಟಾವಾ 1908ರಲ್ಲಿ, ದಕ್ಷಿಣ ಆಫ್ರಿಕದ ಪ್ರಿಟೋರಿಯಾ 1923ರಲ್ಲಿ ಈ ಸಾಲಿಗೆ ಸೇರಿದವು. ಸಂತ ಜಾರ್ಜ್ ಚಿತ್ರದ ನಾಣ್ಯದಲ್ಲಿ ಕುದುರೆಯ ಕಾಲಕೆಳಗೆ ನೆಲದ ಗೆರೆಯೊಂದಿದೆ. ಅದರ ನಟ್ಟನಡುವೆ, ಇಸವಿಯ ನೆತ್ತಿಗೆ, ಒಂದು ಸಣ್ಣ ಇಂಗ್ಲಿಷ್ ಅಕ್ಷರವಿದ್ದರೆ ಅದು ಊರಿನ ಗುರುತು. ಎಸ್ ಎಂದರೆ ಸಿಡ್ನಿ, ಎಂ ಎಂದರೆ ಮೆಲ್ಬರ್ನ್, ಪಿ ಪರ್ತ್, ಸಿ ಕೆನಡಾ, ಎಸ್‌ಎ ಎಂಬ ಜೋಡಿ ಪ್ರಿಟೋರಿಯಾ. ಏನೂ ಇಲ್ಲದಿದ್ದರೆ ಲಂಡನ್. ತರುಣಿ ವಿಕ್ಟೋರಿಯಾಳ ನಾಣ್ಯಗಳಲ್ಲಿ ಈ ಜಾಗ ಬೇರೆ: ಹಿಂಬದಿಯಲ್ಲಿ ಸಂತ ಜಾರ್ಜ್ ಇದ್ದರೆ ಅಕ್ಷರ ರಾಣಿಯ ಕುತ್ತಿಗೆಯ ಕೆಳಗೆ, ಗುರಾಣಿಯಿದ್ದರೆ ಗುರಾಣಿಯನ್ನು ಸುತ್ತಿದ ಎಲೆಮಾಲೆಯ ಕೆಳಗೆ. ಗುರಾಣಿಯ ಕೆಳಗೆ ಅಕ್ಷರದ ಬದಲು ಸಣ್ಣ ಅಂಕಿ ಕಂಡರೆ ಗಾಬರಿಯಾಗಬೇಡಿ. 1863ರಿಂದ 1874ರವರೆಗೆ ಲಂಡನ್ನಿನವರು ಯಾವ ಅಚ್ಚಿನಿಂದ ಬಂದ ನಾಣ್ಯ ಎಂದು ತಿಳಿಯಲು ಅಚ್ಚಿನ ಸಂಖ್ಯೆ ಹಾಕುತ್ತಿದ್ದರು.

ಇನ್ನು ಉಳಿದದ್ದು ಐ. ಇಸವಿಯ ಮೇಲೆ ನೆಟ್ಟಗೆ ನಿಂತ ಒಂದು ಪುಟ್ಟ ಗೆರೆಯಂತೆ ಕಾಣುತ್ತದೆ, ಸವೆದಿದ್ದರೆ ಕಣ್ಣಿಗೇ ಬೀಳುವುದಿಲ್ಲ. ಅದು ಇಂಡಿಯಾ, ಅಂದರೆ ಬೊಂಬಾಯಿ. ಹಳೆಯ ನಾಣ್ಯಗಳಲ್ಲಿ ಇಸವಿ 1918 ಮಾತ್ರ.

ಅದರ ಹಿಂದಿನ ಕತೆ ಹೀಗಿದೆ. 1899ರ ಕಾಯಿದೆಯಂತೆ ಸವರನ್ ಭಾರತದಲ್ಲೂ ಚಲಾವಣೆಯ ಹಣವಾಯಿತು. ಬೆಲೆ ಹದಿನೈದು ರೂಪಾಯಿ, ಏಕೆಂದರೆ ರೂಪಾಯಿಯನ್ನು ಒಂದು ಶಿಲ್ಲಿಂಗ್ ನಾಲ್ಕು ಪೆನ್ನಿಗೆ ಕಟ್ಟಿದ್ದರು. ಆಗಲೇ ಬೊಂಬಾಯಿಯಲ್ಲಿ ಸವರನ್ ಟಂಕಿಸುವ ಯೋಚನೆಯೂ ಇತ್ತು. ಕೋಲಾರದ ಗಣಿಗಳಿಂದ ಚಿನ್ನ ಹೇರಳವಾಗಿ ಬರುತ್ತಿದ್ದ ಕಾಲ ಅದು. ಆದರೆ ಯೋಜನೆ ಕಾಗದದಲ್ಲೇ ಉಳಿಯಿತು, ಕೋಲಾರದ ಚಿನ್ನ ಇಂಗ್ಲೆಂಡಿಗೆ ಹಡಗು ಹತ್ತುತ್ತಲೇ ಇತ್ತು. ಮೊದಲ ಮಹಾಯುದ್ಧ ಎಲ್ಲವನ್ನೂ ತಲೆಕೆಳಗು ಮಾಡಿತು. ಸೈನ್ಯದ ಖರ್ಚು, ಯುದ್ಧಕ್ಕೆಂದು ಕೊಂಡ ಸರಕಿನ ಹಣ ಎಲ್ಲಕ್ಕೂ ಭಾರತದಲ್ಲಿ ನಾಣ್ಯ ಬೇಕು. ಬೆಳ್ಳಿ ಸಿಗುತ್ತಿಲ್ಲ. ಜಲಾಂತರ್ಗಾಮಿಗಳ ಭಯದಲ್ಲಿ ಹಡಗಿನಲ್ಲಿ ಚಿನ್ನ ಕಳಿಸುವುದೂ ಅಪಾಯ. ಜನ ನೋಟು ಹಿಡಿದು ಖಜಾನೆಗಳ ಮುಂದೆ ಲೋಹದ ಹಣಕ್ಕೆ ಸಾಲು ನಿಂತರು. ಬೊಂಬಾಯಿ ಟಂಕಸಾಲೆ 1918ರಲ್ಲಿ ಮೊದಲು ಹದಿನೈದು ರೂಪಾಯಿಯ ಚಿನ್ನದ ಮೊಹರನ್ನು ಹೊರಡಿಸಿತು. ತೂಕ, ಶುದ್ಧತೆ, ಬೆಲೆ ಎಲ್ಲ ಸವರನ್‌ನದೇ. ಅಲ್ಲೇ ತೆರೆದ, ಲಂಡನ್ನಿನ ಟಂಕಸಾಲೆಯಾದ ರಾಯಲ್ ಮಿಂಟಿನ ಶಾಖೆ ಆ ವರ್ಷದ ಆಗಸ್ಟಿನಿಂದ ಸವರನ್ನನ್ನೇ ಟಂಕಿಸತೊಡಗಿತು. ಒಟ್ಟು ಸುಮಾರು 13 ಲಕ್ಷ ನಾಣ್ಯ ಹೊರಬಂದವು. 1919ರಲ್ಲಿ ಶಾಖೆ ಮುಚ್ಚಿತು.

ನಿಮ್ಮ ಕಾಸಿನ ಸರದಲ್ಲಿ ಕಿರೀಟಧಾರಿ ಜಾರ್ಜ್, ಹಿಂಬದಿ ಹೂಬಳ್ಳಿಯ ನಡುವೆ ಇಂಗ್ಲಿಷಿನಲ್ಲಿ ಹದಿನೈದು ರೂಪಾಯಿ ಎಂದಿದ್ದರೆ ಅದು ಆ ಮೊಹರು. ಬರಿದಲೆಯ ಜಾರ್ಜ್, ಹಿಂಬದಿ ಕುದುರೆ, 1918, ಐ ಇದ್ದರೆ ಬೊಂಬಾಯಿ ಸವರನ್. ಎರಡೂ ಭಾರತದ ಹಣದ ಇತಿಹಾಸದ ಒಂದೇ ಒಂದು ವರ್ಷಕ್ಕೆ ಸೇರಿದ ತುಣುಕುಗಳು. ಇವನ್ನು ಬಳೆಗೆಂದು ಕರಗಿಸುವ ಮೊದಲು ನೂರು ಸಲ ಯೋಚಿಸಿ ಎಂದು ಕೈಮುಗಿದು ಕೇಳುತ್ತೇನೆ.

ಮುಂದೆ 1920ರಲ್ಲಿ ಸರಕಾರ ಸವರನ್‌ನ ಬೆಲೆಯನ್ನು ಹತ್ತು ರೂಪಾಯಿಗೆ ಇಳಿಸಿತು. ಪೇಟೆಯಲ್ಲಿ ಅದಕ್ಕಿಂತ ಹೆಚ್ಚು ಸಿಗುತ್ತಿದ್ದಾಗ ಖಜಾನೆಗೆ ಯಾರು ಕೊಡುತ್ತಾರೆ? ನಾಣ್ಯ ಪೆಟ್ಟಿಗೆ ಸೇರಿತು. 1927ರಲ್ಲಿ ಚಲಾವಣೆಯಿಂದಲೇ ತೆಗೆದು, ತಂದುಕೊಟ್ಟವರಿಗೆ 13 ರೂಪಾಯಿ 5 ಆಣೆ 4 ಪೈ ಕೊಡುವುದೆಂದು ಗೊತ್ತುಮಾಡಿದರು. 1931ರ ಸೆಪ್ಟೆಂಬರ್ 21ರಂದು ಬ್ರಿಟನ್ ಚಿನ್ನದ ಆಧಾರವನ್ನು ಕೈಬಿಟ್ಟಾಗ ರೂಪಾಯಿ ಲೆಕ್ಕದಲ್ಲಿ ಚಿನ್ನದ ಬೆಲೆ ಏರಿತು. ಜಾಗತಿಕ ಮುಗ್ಗಟ್ಟಿನಲ್ಲಿ ಬೆಳೆಗೆ ಬೆಲೆಯಿಲ್ಲದೆ ಕಂದಾಯ ಕಟ್ಟಲಾಗದ ರೈತರು ಮನೆಯ ಒಡವೆ, ನಾಣ್ಯ ಮಾರಿದರು. ಆ ಚಿನ್ನ ಹಡಗುಗಟ್ಟಲೆ ಲಂಡನ್ನಿಗೆ ಹೋಯಿತು. ಅಂಥ ಕಾಲವನ್ನೂ ದಾಟಿ ಒಂದು ಮನೆಯಲ್ಲಿ ಸವರನ್ ಉಳಿದಿದೆಯೆಂದರೆ, ಅದನ್ನು ಮಾರದೆ ಉಳಿಸಿಕೊಳ್ಳಲು ಯಾರೋ ಬಹಳ ಕಷ್ಟಪಟ್ಟಿದ್ದಾರೆ.

ಅಸಲಿಯೇ ನಕಲಿಯೇ

ಮನೆಯಲ್ಲೇ ಮಾಡಬಹುದಾದ ಪರೀಕ್ಷೆಗೆ ಬೇಕಾದ್ದು ಗ್ರಾಮಿನ ನೂರನೇ ಭಾಗ ತೋರಿಸುವ ಪುಟ್ಟ ಡಿಜಿಟಲ್ ತಕ್ಕಡಿ, ಒಂದು ವರ್ನಿಯರ್ ಕ್ಯಾಲಿಪರ್, ಮಸೂರ. ತೂಕ 7.98 ಅಥವಾ 7.99 ಬರಬೇಕು. ಓಡಾಡಿ ಸವೆದದ್ದಾದರೆ 7.94ರವರೆಗೆ ಇಳಿದಿರಬಹುದು, ಅದಕ್ಕಿಂತ ಕೆಳಗಿಳಿದ ನಾಣ್ಯವನ್ನು ಬ್ರಿಟಿಷ್ ಕಾನೂನೇ ಚಲಾವಣೆಗೆ ಒಪ್ಪುತ್ತಿರಲಿಲ್ಲ. ಸರದಲ್ಲಿ ಉಜ್ಜಿ ಉಜ್ಜಿ ಇನ್ನೂ ಕಡಿಮೆಯಾಗಿರುವುದೂ ಉಂಟು. ಅಗಲ 22.05 ಮಿಲಿಮೀಟರ್, ಅಂಚಿನ ದಪ್ಪ ಒಂದೂವರೆ. ಅರ್ಧ ಸವರನ್ ಆದರೆ ತೂಕ 3.99 ಗ್ರಾಂ, ಅಗಲ 19.3. ಹಿತ್ತಾಳೆಗೆ ಚಿನ್ನದ ನೀರು ಹಾಕಿದ್ದು ಈ ಪರೀಕ್ಷೆಯಲ್ಲೇ ಸಿಕ್ಕಿಬೀಳುತ್ತದೆ. ಗಾತ್ರ ಸರಿಯಿದ್ದರೆ ತೂಕ ಅರ್ಧದಷ್ಟಿರುತ್ತದೆ, ತೂಕ ಸರಿಯಿದ್ದರೆ ನಾಣ್ಯ ದಪ್ಪವಾಗಿರುತ್ತದೆ.

ಇನ್ನೂ ಖಚಿತವಾಗಬೇಕೆಂದರೆ ನೀರಿನ ಪರೀಕ್ಷೆ ಮಾಡಿ. ಕೊಂಡಿ ಇಲ್ಲದ ನಾಣ್ಯಕ್ಕೆ ಮಾತ್ರ ಇದು ಸರಿಹೊಂದುತ್ತದೆ. ತಕ್ಕಡಿಯ ಮೇಲೆ ಸಣ್ಣ ಲೋಟದಲ್ಲಿ ನೀರಿಟ್ಟು ಅಂಕಿಯನ್ನು ಸೊನ್ನೆಗೆ ತನ್ನಿ. ನಾಣ್ಯವನ್ನು ತೆಳು ದಾರದಲ್ಲಿ ಕಟ್ಟಿ, ತಳಕ್ಕೂ ಬದಿಗೂ ತಾಗದಂತೆ ನೀರಿನಲ್ಲಿ ಪೂರ್ತಿ ಮುಳುಗಿಸಿ ಹಿಡಿಯಿರಿ. ಗುಳ್ಳೆಗಳು ಅಂಟಿರಬಾರದು. ತಕ್ಕಡಿ 0.45ರ ಆಸುಪಾಸು ತೋರಿಸಿದರೆ 22 ಕ್ಯಾರಟ್ ಚಿನ್ನದ ಸಾಂದ್ರತೆ ಸರಿಯಾಗಿದೆ. ಅದೇ ತೂಕದ ಹಿತ್ತಾಳೆಯಾದರೆ 0.9ಕ್ಕೂ ಹೆಚ್ಚು ತೋರಿಸುತ್ತದೆ. ಅಂಗಡಿಗಳಲ್ಲಿರುವ ಕ್ಯಾರಟ್ ಮೀಟರ್ ಕೂಡ ನಾಣ್ಯಕ್ಕೆ ಗೀರು ಬೀಳದಂತೆ ಶುದ್ಧತೆ ಹೇಳುತ್ತದೆ. ಒರೆಗಲ್ಲಿಗೆ ಉಜ್ಜಲು, ಅಂಚು ಕತ್ತರಿಸಿ ನೋಡಲು ಮಾತ್ರ ಬಿಡಬೇಡಿ.

ಇಷ್ಟೆಲ್ಲ ಪಾಸಾದ ನಾಣ್ಯವೂ ನಕಲಿಯಾಗಿರಬಹುದು. ಎರಡನೇ ಮಹಾಯುದ್ಧದ ನಂತರ ಬ್ರಿಟನ್ ಸವರನ್ ಟಂಕಿಸದೇ ಇದ್ದ ವರ್ಷಗಳಲ್ಲಿ ಇಟಲಿ, ಲೆಬನಾನ್ ಕಡೆಯ ಖಾಸಗಿ ಕಾರ್ಖಾನೆಗಳು ಅಸಲಿ ಚಿನ್ನದಲ್ಲೇ ನಕಲಿ ಸವರನ್ ಹೊಡೆದವು. ಚಿನ್ನದ ಗಟ್ಟಿಗಿಂತ ಸವರನ್‌ಗೆ ಪೇಟೆಯಲ್ಲಿ ಹೆಚ್ಚು ಬೆಲೆಯಿದ್ದುದರಿಂದ ಅದರಲ್ಲೂ ಲಾಭವಿತ್ತು. 1957ರಲ್ಲಿ ರಾಯಲ್ ಮಿಂಟ್ ಮತ್ತೆ ಸವರನ್ ಟಂಕಿಸಲು ಶುರುಮಾಡಿದ್ದಕ್ಕೆ ಈ ನಕಲಿಗಳ ಹಾವಳಿಯೂ ಒಂದು ಕಾರಣ. ಇಂಥದ್ದನ್ನು ತಕ್ಕಡಿ ಹಿಡಿಯಲಾರದು, ಇತಿಹಾಸ ಹಿಡಿಯುತ್ತದೆ. ಐದನೇ ಜಾರ್ಜನ ಕಾಲದಲ್ಲಿ ಲಂಡನ್ 1911ರಿಂದ 1917ರವರೆಗೆ ಮತ್ತು 1925ರಲ್ಲಿ ಮಾತ್ರ ಸವರನ್ ಟಂಕಿಸಿದೆ. ಆದ್ದರಿಂದ ಊರಿನ ಅಕ್ಷರವಿಲ್ಲದ 1920ರ ನಾಣ್ಯ ಸಿಕ್ಕರೆ, ಅಕ್ಷರ ಸವೆದುಹೋಗಿಲ್ಲವೆಂದು ಖಚಿತವಾದರೆ, ಅದು ಟಂಕಸಾಲೆಯದಲ್ಲ. 1918 ಬಿಟ್ಟು ಬೇರೆ ಇಸವಿಯ ಜಾರ್ಜ್ ನಾಣ್ಯದ ಮೇಲೆ ಐ ಇದ್ದರೂ ಅಷ್ಟೆ. ಮಸೂರದಲ್ಲಿ ಅಕ್ಷರಗಳ ಅಂಚು ಮೊಂಡಾಗಿ, ಬಯಲು ಜಾಗದಲ್ಲಿ ಸಣ್ಣ ಗುಳ್ಳೆಗಳಂತೆ ಉಬ್ಬು ಕಂಡರೂ ಅನುಮಾನಿಸಬೇಕು. ಹಾಗಂತ ಚಿನ್ನ ಸುಳ್ಳಲ್ಲ, ಚಿನ್ನದ ಬೆಲೆಗೆ ಮೋಸವಿಲ್ಲ. ಸಂಗ್ರಾಹಕರ ಬೆಲೆ ಮಾತ್ರ ಸಿಗದು.

ಬೆಲೆ ಕಟ್ಟುವಾಗ

ಲೆಕ್ಕ ಸರಳ. ಆ ದಿನದ 24 ಕ್ಯಾರಟ್ ಚಿನ್ನದ ಗ್ರಾಂ ದರವನ್ನು 7.322ರಿಂದ ಗುಣಿಸಿ. ಉದಾಹರಣೆಗೆ ದರ 10,000 ರೂಪಾಯಿ ಎಂದಿಟ್ಟುಕೊಂಡರೆ ಒಂದು ಸವರನ್‌ನಲ್ಲಿರುವ ಚಿನ್ನದ ಬೆಲೆ 73,220. ಅಂಗಡಿಯವರು ಕರಗಿಸುವ ಖರ್ಚು, ಸವೆತ ಎಂದು ಅದರಲ್ಲಿ ಸ್ವಲ್ಪ ಕಳೆಯುತ್ತಾರೆ. ಎಷ್ಟು ಕಳೆಯುತ್ತಾರೆ ಎಂದು ಎರಡು ಮೂರು ಕಡೆ ಕೇಳಿ. "ಹಳೆಯ ನಾಣ್ಯ, ಹಾಲ್‌ಮಾರ್ಕ್ ಇಲ್ಲ" ಎಂದು ಶುದ್ಧತೆಯನ್ನೇ ಇಳಿಸಿ ಹೇಳುವವರಿದ್ದರೆ ಮೀಟರಿನಲ್ಲಿ ತೋರಿಸಿ ಎನ್ನಿ. ಅಸಲಿ ಸವರನ್ 916ಕ್ಕಿಂತ ಕೆಳಗೆ ಬರುವುದಿಲ್ಲ.

ಸಂಗ್ರಾಹಕರ ಬೆಲೆ ಇದರ ಮೇಲಿನದು. ಎಲ್ಲ ಹಳೆಯ ಸವರನ್‌ಗೂ ಅದು ಸಿಗುತ್ತದೆಂಬ ಆಸೆ ಬೇಡ. ಎಡ್ವರ್ಡ್ ಮತ್ತು ಐದನೇ ಜಾರ್ಜ್ ಕಾಲದ ಲಂಡನ್, ಸಿಡ್ನಿ, ಮೆಲ್ಬರ್ನ್, ಪರ್ತ್ ನಾಣ್ಯಗಳು ಕೋಟಿಗಟ್ಟಲೆ ಹೊರಬಂದವು, ಹೆಚ್ಚಿನವಕ್ಕೆ ಚಿನ್ನದ ಬೆಲೆಯ ಆಚೆಗೆ ಸಿಗುವುದು ಅಲ್ಪ. ಆದರೆ 1819ರದ್ದು, 1841ರದ್ದು, ಲಂಡನ್ನಿನ 1879 ಮತ್ತು 1917, ಕೆನಡಾದ 1916, ಸಿಡ್ನಿಯ 1920 ಇವು ನಿಜಕ್ಕೂ ಅಪರೂಪ. ಅಪರೂಪವೆಂದೇ 1917ರದ್ದಕ್ಕೆ ನಕಲಿಗಳೂ ಹೆಚ್ಚು. ಈ ಇಸವಿಗಳು ಕಂಡರೆ ಚಿನ್ನದಂಗಡಿಗೆ ಹೋಗದೆ ಹೆಸರಾಂತ ನಾಣ್ಯ ಹರಾಜು ಸಂಸ್ಥೆಯಿಂದ ಅಭಿಪ್ರಾಯ ಪಡೆಯಿರಿ. ಮೈಕಲ್ ಮಾರ್ಷ್ ಬರೆದ ಸವರನ್ ಕೈಪಿಡಿಯನ್ನು ಈ ಹವ್ಯಾಸದವರೆಲ್ಲ ಆಧಾರವಾಗಿ ಬಳಸುತ್ತಾರೆ. ಯಾವ ವರ್ಷ ಎಲ್ಲಿ ಎಷ್ಟು ಎಂಬ ಪಟ್ಟಿ ಅದರಲ್ಲಿದೆ.

ಹೊಳೆಯಲೆಂದು ಹುಣಸೆಹಣ್ಣು, ಹಲ್ಲುಪುಡಿ, ಬೂದಿ ಹಾಕಿ ತಿಕ್ಕಬೇಡಿ. ನೂರು ವರ್ಷದ ಮೇಲ್ಮೈ ಒಂದು ನಿಮಿಷದಲ್ಲಿ ಗೀರಾಗುತ್ತದೆ, ಮತ್ತೆ ಬರುವುದಿಲ್ಲ. ಕೊಳೆ ಇದ್ದರೆ ಉಗುರುಬೆಚ್ಚಗಿನ ಸೋಪಿನ ನೀರಿನಲ್ಲಿ ಅದ್ದಿ, ತೊಳೆದು, ಮೆತ್ತನೆ ಬಟ್ಟೆಯಲ್ಲಿ ಒತ್ತಿ ಒಣಗಿಸಿದರೆ ಸಾಕು. ಈಗಾಗಲೇ ಕೊಂಡಿ ಬೆಸೆದಿದ್ದರೆ ಬಿಡಿ, ಹಾಗೇ ಇರಲಿ. ತೆಗೆಸಿದರೆ ಬೆಸುಗೆಯ ಗಾಯ ಉಳಿಯುತ್ತದೆ, ಸಂಗ್ರಾಹಕರು ಅದನ್ನು ತಕ್ಷಣ ಗುರುತಿಸುತ್ತಾರೆ. ಹೊಸದಾಗಿ ಪದಕ ಮಾಡಿಸುವ ಆಸೆಯಿದ್ದರೆ ನಾಣ್ಯಕ್ಕೆ ಬೆಸುಗೆ ಮುಟ್ಟದಂತೆ ಸುತ್ತ ಕಟ್ಟು ಹಾಕಿಸಿ.

ಕಾನೂನು, ಮೋಸ, ಪಾಲು

ನೂರು ವರ್ಷ ತುಂಬಿದ ನಾಣ್ಯ 1972ರ ಪ್ರಾಚ್ಯವಸ್ತು ಕಾಯಿದೆಯ ಪ್ರಕಾರ ಪ್ರಾಚ್ಯವಸ್ತು. ಇಟ್ಟುಕೊಳ್ಳಲು ಅಡ್ಡಿಯಿಲ್ಲ, ದೇಶದಿಂದ ಹೊರಗೆ ಒಯ್ಯುವಂತಿಲ್ಲ. ಅಮೆರಿಕಕ್ಕೋ ದುಬೈಗೋ ಹೊರಟ ಮಗಳ ಕೊರಳಿಗೆ ಅಜ್ಜಿಯ ಕಾಸಿನ ಸರ ಹಾಕಿ ಕಳಿಸುವ ಮನೆಗಳು ಇದನ್ನು ನೆನಪಿಡಬೇಕು. ಜಾರ್ಜ್ ಕಾಸುಗಳಲ್ಲಿ ಬಹುಪಾಲು ಆ ಗೆರೆ ದಾಟಿವೆ. ಅನುಮಾನವಿದ್ದರೆ ಪುರಾತತ್ವ ಸರ್ವೇಕ್ಷಣ ಇಲಾಖೆಯಲ್ಲಿ ವಿಚಾರಿಸಿ. ನೂರು ತುಂಬದ ವಸ್ತುವಾದರೆ ಅದು ಪ್ರಾಚ್ಯವಸ್ತುವಲ್ಲವೆಂದು ಅವರು ಪ್ರಮಾಣಪತ್ರ ಕೊಡುತ್ತಾರೆ. ಹೊಲ ಉಳುವಾಗಲೋ ಪಾಯ ಅಗೆಯುವಾಗಲೋ ಸಿಕ್ಕ ನಾಣ್ಯದ ವಿಷಯ ಬೇರೆ. ಅದು ನಿಧಿ, ಸರಕಾರಕ್ಕೆ ತಿಳಿಸಲೇಬೇಕು.

ಈ ನಿಧಿಯ ಹೆಸರಿನಲ್ಲೇ ನಮ್ಮ ರಾಜ್ಯದಲ್ಲಿ ವರ್ಷವಿಡೀ ಮೋಸ ನಡೆಯುತ್ತಿದೆ. ಹಳೆ ಮನೆ ಕೆಡವುವಾಗ ಸಿಕ್ಕಿತು, ಅರ್ಧ ಬೆಲೆಗೆ ಕೊಡುತ್ತೇವೆ ಎಂದು ಫೋನ್ ಬರುತ್ತದೆ. ಮೊದಲು ಒಂದು ಅಸಲಿ ನಾಣ್ಯ ಕೊಟ್ಟು ಪರೀಕ್ಷೆ ಮಾಡಿಸಿಕೊಳ್ಳಿ ಎನ್ನುತ್ತಾರೆ. ಅದು ನಿಜವಾದ ಚಿನ್ನವೇ ಇರುತ್ತದೆ. ಹಣದ ಗಂಟು ಹಿಡಿದು ಹೋದಾಗ ಸಿಗುವುದು ಹಿತ್ತಾಳೆಯ ಚೀಲ, ಕೆಲವೊಮ್ಮೆ ಹೊಡೆತ. ಒಂದು ನಾಣ್ಯ ಅಸಲಿಯೆಂದ ಮಾತ್ರಕ್ಕೆ ಚೀಲ ಅಸಲಿಯಾಗುವುದಿಲ್ಲ. ಫೋನ್ ಬಂದ ಕೂಡಲೇ ಪೊಲೀಸರಿಗೆ ತಿಳಿಸಿ.

ಹೊಸ ಸವರನ್ನೇ ಬೇಕೆನ್ನುವವರಿಗೆ ಅದೂ ಸಿಗುತ್ತದೆ. ರಾಯಲ್ ಮಿಂಟಿನ ಪರವಾನಗಿ ಪಡೆದು ಎಂಎಂಟಿಸಿ-ಪ್ಯಾಂಪ್ ಕಂಪನಿ 2013ರಿಂದ ಭಾರತದಲ್ಲಿ ಸವರನ್ ಟಂಕಿಸಿದೆ. ಅವುಗಳ ಮೇಲೂ ಐ ಗುರುತಿದೆ, ತೂಕವೂ ಅದೇ. 1918ರ ನಾಣ್ಯದ ಜೊತೆ ಗೊಂದಲವಾಗದಿರಲು ಇಸವಿಯ ಜೊತೆಗೆ ರಾಣಿ ಎಲಿಜಬೆತ್ ಮುಖವನ್ನು ನೋಡಿದರೆ ಸಾಕು.

ಕೊನೆಗೆ, ಅಜ್ಜಿಯೋ ತಾಯಿಯೋ ಬಿಟ್ಟುಹೋದ ಕಾಸಿನ ಸರವನ್ನು ಮಕ್ಕಳು ಹಂಚಿಕೊಳ್ಳುವ ಸಂದರ್ಭ. ತಲೆಗೆ ಮೂರು, ತಲೆಗೆ ನಾಲ್ಕು ಎಂದು ಎಣಿಸಿ ಕೊಟ್ಟುಬಿಡುವುದು ರೂಢಿ. ತೂಕದಲ್ಲಿ ಸಮ ಬರುತ್ತದೆ, ಬೆಲೆಯಲ್ಲಿ ಬರದಿರಬಹುದು. ಸರ ಬಿಚ್ಚುವ ಮೊದಲು ಪ್ರತಿಯೊಂದರ ಎರಡೂ ಬದಿಯ ಫೋಟೊ ತೆಗೆಯಿರಿ. ಇಸವಿ, ಮುಖ, ಊರಿನ ಅಕ್ಷರ, ತೂಕ ಬರೆದ ಒಂದು ಪಟ್ಟಿ ಮಾಡಿ, ಎಲ್ಲರ ಕೈಗೂ ಒಂದೊಂದು ಪ್ರತಿ ಕೊಡಿ. ಅದರಲ್ಲಿ ಬೊಂಬಾಯಿಯದೋ ಲಂಡನ್ನಿನ 1879ರದ್ದೋ ಇದ್ದರೆ ಅದನ್ನು ಬೇರೆ ತೆಗೆದಿಟ್ಟು, ಬೆಲೆ ತಿಳಿದುಕೊಂಡು, ಆಮೇಲೆ ಪಾಲು ಹಾಕಿ.